ಚೆನ್ನಾಜಮ್ಮನ ಗಂಟಲಿನ ಸಿಳ್ಳೆ

೧೯೭೮ನೇ ಇಸವಿ ಫೆಬ್ರವರಿ ಒಂಬತ್ತನೇ ತಾರೀಖು, ಗುರುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಸೋದರತ್ತೆ ಚೆನ್ನಾಜಮ್ಮ ಬಸ್ಸಿನಿಂದ ಇಳಿದಳು. ಅವಳಿಗಿಂತ ಮೊದಲು ಅವಳ ಗಂಟಲು ಊರು ಮುಟ್ಟಿತ್ತು. ಬಸ್ಸು ಇನ್ನೂ ಸೇತುವೆಯ ಮೇಲಿರುವಾಗಲೇ ಸಿಳ್ಳೆ ಕೇಳತೊಡಗಿತು. ತೆಳ್ಳನೆಯ ಸಿಳ್ಳೆ, ಒಂದರ ಮೇಲೊಂದು ಬಿದ್ದು, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದಂತೆ. ಹೋಟೆಲಿನವನು ಕಾವಲಿಯ ಮೇಲಿನ ದೋಸೆಯನ್ನು ಮರೆತು ಹೊರಗೆ ಬಂದ. ಹೂ ಮಾರುವವಳು ಬುಟ್ಟಿ ಎತ್ತಿಕೊಂಡು ಎದುರು ಸಾಲಿಗೆ ಹೋಗಿ ಕೂತಳು. ಅತ್ತೆ ಕುತ್ತಿಗೆಗೆ ಸೆರಗನ್ನು ಮೂರು ಸುತ್ತು ಸುತ್ತಿಕೊಂಡಿದ್ದಳು. ಗೋಡೆಯನ್ನೇ ದಾಟುವ ಸಿಳ್ಳೆಗೆ ಸೆರಗು ಯಾವ ಲೆಕ್ಕ?

"ಏನೇ ಮಂಗಳಿ, ಊರಿಗೂರೇ ನೋಡಕ್ಕೆ ನಿಂತಂಗಿದೆ," ಎಂದಳು ಅತ್ತೆ, ಚೀಲವನ್ನು ನನ್ನ ಕೈಗೆ ಕೊಡುತ್ತಾ. "ಓಲಗದೋರ ಖರ್ಚು ಉಳೀತು ನೋಡು. ಗಂಟಲಲ್ಲೇ ತಂದಿದೀನಿ."

ನಮ್ಮೂರಿನಲ್ಲಿ ಪರಮಾಣು ಒಡೆದರೆ ಕೇಳಿಸುತ್ತದೆ. ಮೂರು ಬಗೆಯ ಸದ್ದು. ಒನಕೆಯನ್ನು ಮೆಲ್ಲಗೆ ನೆಲಕ್ಕೆ ಊರಿದಂತೆ ಬರುವುದು ಕುಟ್ಟು. ಒಂದು ಹಾಳೆ ಕಾಗದ ಮುಚ್ಚಿದರೆ ಅಡಗುತ್ತದೆ. ಒಗ್ಗರಣೆಯ ಸಾಸಿವೆಯಂತೆ ಸಿಡಿಯುವುದು ಚಿಟುಕು. ಅದಕ್ಕೆ ತಗಡಿನ ಮುಚ್ಚಳ ಬೇಕು. ಮೂರನೆಯದು ಸಿಳ್ಳೆ. ಅದನ್ನು ತಡೆಯಲು ಸೀಸದ ದಪ್ಪ ಹಲಗೆಯೇ ಆಗಬೇಕು. ಇವಕ್ಕೆ ಆಲ್ಫಾ, ಬೀಟಾ, ಗಾಮಾ ಎಂಬ ಹೆಸರುಗಳಿವೆ ಎಂದು ನಾನು ಕಾಲೇಜಿಗೆ ಹೋದ ಮೇಲೆ ತಿಳಿದದ್ದು. ಕಾಲೇಜಿದ್ದ ಆ ದೊಡ್ಡ ಊರಿನಲ್ಲಿ ಪರಮಾಣುಗಳು ಸದ್ದಿಲ್ಲದೆ ಒಡೆಯುತ್ತಿದ್ದವು. ಹಾಸ್ಟೆಲಿನ ಮೊದಲ ತಿಂಗಳು ನನಗೆ ನಿದ್ದೆಯೇ ಹತ್ತಲಿಲ್ಲ. ಪಕ್ಕದಲ್ಲಿ ಮಲಗಿದ ಹುಡುಗಿಯ ಮೈಯಿಂದ ಒಂದು ಚಿಟುಕೂ ಕೇಳದಿದ್ದರೆ ಅವಳು ಬದುಕಿದ್ದಾಳೆಂದು ನಂಬುವುದು ಹೇಗೆ?

ನಮ್ಮಲ್ಲಿ ಪ್ರತಿ ಮನುಷ್ಯನ ಮೈಯೂ ಎಳೆ ಮಳೆಯಂತೆ ಸದಾ ಚಿಟಿಚಿಟಿ ಅನ್ನುತ್ತಿರುತ್ತದೆ. ಉಸಿರಾಟದ ಹಾಗೆ ಅದು ರೂಢಿಯಾಗಿ ಹೋಗಿದೆ. ಮಕ್ಕಳು ಕಣ್ಣಾಮುಚ್ಚಾಲೆ ಆಡುವುದಿಲ್ಲ, ಆಡಿ ಪ್ರಯೋಜನವಿಲ್ಲ. ಬಾಳೆಹಣ್ಣಿನ ರಾಶಿ ಚಿಟುಗುಟ್ಟಿ ನಿದ್ದೆಗೆಡಿಸುವುದರಿಂದ ಅದರ ಅಂಗಡಿಗಳು ಊರಾಚೆ ಇವೆ. ಹೊಸಿಲಿಗೆ ಕಲ್ಲು ಹಾಕಿಸುವವರು ಮೊದಲು ಆ ಕಲ್ಲನ್ನು ಕೇಳಿಸುತ್ತಾರೆ. ಕೇಳುವವಳು ಊರಿನ ಕಿವಿ. ಬಾವಿ ತೋಡಿದರೂ, ತಳಪಾಯ ಅಗೆದರೂ, ಹಿತ್ತಾಳೆ ಪಾತ್ರೆ ಕೊಂಡರೂ ಊರಿನ ಕಿವಿ ಬಂದು, ಬಗ್ಗಿ, "ಆಗಬಹುದು" ಎಂದ ಮೇಲೆಯೇ ಮುಂದಿನ ಕೆಲಸ. ಆ ಸ್ಥಾನಕ್ಕೆ, ಸದ್ದು ಕೇಳಲೆಂದೇ ಹಿಂದಿನವರು ಕಟ್ಟಿಸಿದ ಕೇಳುಮಂಟಪದ ಪಕ್ಕದ ಮನೆಯೂ ಸೇರಿದೆ. ಇಪ್ಪತ್ತಾರು ವರ್ಷದಿಂದ ಅದು ನಮ್ಮತ್ತೆಯ ಸ್ಥಾನ. ಗಂಡ ತೀರಿಕೊಂಡ ಮೇಲೆ ಅವಳನ್ನು ನಿಲ್ಲಿಸಿದ್ದೂ ಅದೇ, ಅಪ್ಪ ಅಮ್ಮ ಇಲ್ಲದ ನನ್ನನ್ನು ಓದಿಸಿದ್ದೂ ಅದೇ.

ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿ ಊದಿಕೊಂಡು, ಎದೆ ಬಡಿತ ಏರಿ, ಮೈ ಇಳಿದು ಹೋಗಿತ್ತು. ದೂರದ ಆಸ್ಪತ್ರೆಯಲ್ಲಿ ಒಂದು ಪುಟ್ಟ ಲೋಟ ವಿಕಿರಣಶೀಲ ಅಯೋಡಿನ್ ಕುಡಿಸಿ, ಕೆಲವು ದಿನ ಒಂಟಿ ಕೋಣೆಯಲ್ಲಿಟ್ಟು ಕಳಿಸಿದ್ದರು. ಡಾಕ್ಟರು ಒಳ್ಳೆಯವರು. ಎಂಟು ದಿನಕ್ಕೊಮ್ಮೆ ಔಷಧದ ಕಾವು ಅರ್ಧಕ್ಕಿಳಿಯುತ್ತದೆ, ಅದು ಆರುವವರೆಗೆ ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದಿದ್ದರಂತೆ. ಊರಿಗೆಲ್ಲಾ ಕೇಳಿಸೀತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಅಂದು ಸಂಜೆಯೇ ಹಿರಿಯರು ನಮ್ಮ ಮನೆಯ ಜಗಲಿಗೆ ಬಂದರು. ಊರಿನ ಯಜಮಾನರು ಗುರುಸಿದ್ದಪ್ಪನವರು, ಎಪ್ಪತ್ತು ದಾಟಿದವರು, ಮಾತು ಕಡಿಮೆ. ಅವರ ಹಿಂದೆ ಮರಳಿನ ವ್ಯಾಪಾರಿ ಮಲ್ಲೇಶಪ್ಪ. ಈತನದು ಎಂಥ ಭಾರಿ ಮೈಯೆಂದರೆ, ಬೀದಿಯ ತಿರುವಿನಲ್ಲಿರುವಾಗಲೇ ಚಿಟಿಚಿಟಿ ಕೇಳಿ ನಾವು ಚಾಪೆ ಹಾಸಿಡುತ್ತಿದ್ದೆವು. ತನ್ನ ಭಾಮೈದನನ್ನು ಊರಿನ ಕಿವಿ ಮಾಡಬೇಕೆಂಬುದು ಅವನ ಬಹುದಿನದ ಆಸೆ.

"ಚೆನ್ನಾಜಮ್ಮ, ತಪ್ಪು ತಿಳೀಬೇಡ," ಎಂದರು ಗುರುಸಿದ್ದಪ್ಪನವರು ಸಿಳ್ಳೆಯ ಮೇಲೆ ದನಿ ಏರಿಸಿ. "ಊರಿನ ಕಿವಿಯೇ ಹಿಂಗೆ ಸದ್ದು ಮಾಡಿದ್ರೆ, ಬೇರೆ ಸದ್ದು ಕೇಳೋರು ಯಾರು? ಪರೀಕ್ಷೆ ಇಡಬೇಕು ಅಂತಾರೆ."

"ಯಾರಂತಾರೆ?" ಎಂದು ಕೇಳಿ ಅತ್ತೆ ಮಲ್ಲೇಶಪ್ಪನ ಮುಖ ನೋಡಿದಳು.

"ಊರು ಅಂತದೆ ಅಕ್ಕಾ," ಎಂದ ಮಲ್ಲೇಶಪ್ಪ. "ನಾನು ಊರಲ್ಲೇ ಇದೀನಲ್ಲ, ಅದಕ್ಕೆ ನಾನೂ ಅಂತೀನಿ."

"ಎಂಟು ದಿನಕ್ಕೆ ಅರ್ಧ ಹೋಗ್ತದೆ ಅಂತ ಡಾಕ್ಟ್ರೇ ಹೇಳವ್ರಂತೆ," ಎಂದು ಯಜಮಾನರು ಮುಂದುವರಿಸಿದರು. "ಅಲ್ಲಿಗೆ ಹದಿನಾರು ದಿನಕ್ಕೆ ಪೂರಾ ಹೋಯ್ತು. ಇಪ್ಪತ್ತೈದನೇ ತಾರೀಖು ಶನಿವಾರ ಪರೀಕ್ಷೆ. ಅಷ್ಟು ದಿನ ನಿನಗೆ ಪುರುಸೊತ್ತು ಕೊಡಲೇಬೇಕು ಅಂತ ನಾನೇ ಹಟ ಹಿಡಿದೆ."

ಪಾಪ, ಅವರು ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದರು. ತಪ್ಪು ಅವರದೂ ಅಲ್ಲ. ನಮ್ಮೂರ ಗುಡ್ಡದ ಭಾರಗಲ್ಲು, ಹೊಸಿಲಿಗೂ ನೆಲಕ್ಕೂ ಯಾರೂ ಹಾಕಿಸದ ಆ ಕಲ್ಲು, ಅಜ್ಜನ ಅಜ್ಜ ಕೇಳಿದ ಸದ್ದನ್ನೇ ಇವತ್ತಿಗೂ ಮಾಡುತ್ತದೆ. ಕೆಲವೇ ದಿನದಲ್ಲಿ ಸಣ್ಣಗಾಗುವ ಸದ್ದನ್ನು ಇಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಕೇಳದ ಸದ್ದಿನ ಲೆಕ್ಕವನ್ನು ಅವರು ಅಕ್ಕಿ ಮೂಟೆಯ ಲೆಕ್ಕದಂತೆ ಹಾಕಿದ್ದರು.

"ಯಜಮಾನ್ರೇ, ಎರಡನೇ ಎಂಟು ದಿನದಲ್ಲಿ ಹೋಗೋದು ಉಳಿದದ್ದರಲ್ಲಿ ಅರ್ಧ," ಎಂದೆ ನಾನು. "ಅಂದರೆ ಹದಿನಾರು ದಿನಕ್ಕೂ ಕಾಲು ಭಾಗ ಇರುತ್ತೆ."

ಮಲ್ಲೇಶಪ್ಪ ಹೊಟ್ಟೆ ಕುಣಿಸಿ ನಕ್ಕ. "ಅರ್ಧ ಅರ್ಧ ಸೇರಿದ್ರೆ ಒಂದಾಗಲ್ವ ಟೀಚರಮ್ಮ? ಸ್ಕೂಲಲ್ಲಿ ನಮ್ಮ ಮಕ್ಕಳಿಗೂ ಇದನ್ನೇ ಹೇಳಿಕೊಡ್ತೀರಾ?"

ನಾನು ಒಳಗಿಂದ ಚೌಕಾಬಾರ ಆಡುವ ಹುಣಸೆ ಬೀಜಗಳನ್ನು ತಂದೆ. ಒಂದು ಮಗ್ಗುಲು ತೇಯ್ದು ಬೆಳ್ಳಗಾದ ಬೀಜಗಳು, ಎರಡು ಬೊಗಸೆಯಷ್ಟಿದ್ದವು. ಜಗಲಿಯ ಮೇಲೆ ಚೆಲ್ಲಿ, ಬಿಳಿ ಮೇಲಾದವನ್ನು ಒಡೆದ ಪರಮಾಣು ಎಂದು ಪಕ್ಕಕ್ಕೆ ತೆಗೆದೆ. ಸುಮಾರು ಅರ್ಧ ಉಳಿದವು. ಉಳಿದವನ್ನು ಗುರುಸಿದ್ದಪ್ಪನವರ ಕೈಗೆ ಕೊಟ್ಟೆ. ಅವರು ಆಟದ ಹುರುಪಿನಲ್ಲೇ ಕುಲುಕಿ ಚೆಲ್ಲಿದರು. ಮತ್ತೆ ಅರ್ಧ ಉಳಿದವು. ಮೂರನೇ ಸಲ ಕೇಳದೆಯೇ ಎತ್ತಿಕೊಂಡು ಚೆಲ್ಲಿದರು.

"ಹಿಂದಿನ ಸಲ ಕಪ್ಪಗೆ ಬಿದ್ದ ಬೀಜಕ್ಕೆ ಈ ಸಲ ಬಿಳಿ ಬೀಳಲೇಬೇಕು ಅಂತ ಹಂಗೇನಿಲ್ಲ," ಎಂದೆ. "ಪರಮಾಣುವಿಗೆ ಮುಪ್ಪಿಲ್ಲ. ನೂರು ಸಲ ತಪ್ಪಿಸಿಕೊಂಡದ್ದೂ ಈಗ ತಾನೇ ಹುಟ್ಟಿದ್ದರಷ್ಟೇ ಹೊಸದು. ಯಾವುದು ಯಾವಾಗ ಒಡೆಯುತ್ತೆ ಅಂತ ಹೇಳೋಕಾಗಲ್ಲ, ಗುಂಪಿನಲ್ಲಿ ಅರ್ಧ ಯಾವಾಗ ಹೋಗುತ್ತೆ ಅಂತ ಮಾತ್ರ ಹೇಳಬಹುದು."

ಯಜಮಾನರು ಉಳಿದ ಬೀಜಗಳನ್ನು ಬೆರಳಿನಿಂದ ಎಣಿಸಿದರು. "ಇರಬಹುದು ಮಗಳೇ," ಎಂದರು. "ಆದ್ರೆ ಡಂಗುರ ಹೊಡೆಸಿ ಆಯ್ತು. ಬೀಜ ನೋಡಿ ತಾರೀಖು ಬದಲಾಯಿಸಿದೆ ಅಂದ್ರೆ ಊರು ನನ್ನನ್ನ ಬಿಟ್ಟೀತಾ?"

ಪರೀಕ್ಷೆಯ ಕ್ರಮ ಹಳೆಯದು. ಕೇಳುಮಂಟಪದಲ್ಲಿ ಮೂರು ಮಡಕೆ ಇಡುತ್ತಾರೆ. ಒಂದರಲ್ಲಿ ಬಾಳೆದಿಂಡಿನ ಬೂದಿ, ಇನ್ನೊಂದರಲ್ಲಿ ಭಾರಗಲ್ಲಿನ ಚೂರನ್ನು ಮೇಲುಮೇಲೆ ಹುದುಗಿಸಿದ ಮರಳು, ಮತ್ತೊಂದರಲ್ಲಿ ಬರೀ ಮರಳು. ಮೂರಕ್ಕೂ ಕುಟ್ಟನ್ನು ತಡೆಯದಂಥ ಜಾಳು ಬಟ್ಟೆ. ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಕಿವಿಯಿಟ್ಟು ಯಾವುದರಲ್ಲಿ ಏನಿದೆ ಹೇಳಬೇಕು. ತಪ್ಪಿದರೆ ಸ್ಥಾನ ಹೋಗುತ್ತದೆ, ಮನೆಯೂ ಹೋಗುತ್ತದೆ. ಚೆನ್ನಾಗಿದ್ದಾಗ ಅತ್ತೆ ಇದನ್ನು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಈಗ ಮಾರನೆಯ ದಿನ ಅಡುಗೆಮನೆಯಲ್ಲಿ ನಾನು ಮೂರು ಕುಡಿಕೆ ಇಟ್ಟು ನೋಡಿದೆ. ಅವಳು ಒಂದೊಂದಕ್ಕೂ ಬಗ್ಗಿ, ಕಣ್ಣು ಮುಚ್ಚಿ, ಮತ್ತೆ ಮತ್ತೆ ಕೇಳಿ, ಕೊನೆಗೆ ಬೂದಿಯನ್ನು ಬರೀ ಮರಳೆಂದಳು. ಮತ್ತೊಮ್ಮೆ ಇಟ್ಟೆ. ಮತ್ತೂ ತಪ್ಪಿತು.

"ಒಗ್ಗರಣೆ ಸೌಟನ್ನ ಕಿವಿಯೊಳಗೇ ಇಟ್ಟಂಗಿದೆ ಕಣೇ," ಎಂದು ನೆಲಕ್ಕೆ ಕೂತಳು. ಅವಳು ಅಳುವುದನ್ನು ನಾನು ಮಾವನ ಸಾವಿನಲ್ಲೂ ನೋಡಿರಲಿಲ್ಲ. ಈಗಲೂ ಅಳಲಿಲ್ಲ, ಮೂಗು ಮಾತ್ರ ಒರೆಸಿಕೊಂಡಳು. "ನನ್ನ ಗಂಟಲಲ್ಲಿ ಏನು ನಡೀತಿದೆ, ಅದನ್ನಾದ್ರೂ ಹೇಳು. ಡಾಕ್ಟ್ರು ಇಂಗ್ಲಿಷಲ್ಲಿ ಹೇಳಿ ಬೆನ್ನು ತಟ್ಟಿ ಕಳಿಸಿದ್ರು."

"ಪರಮಾಣುವಿನ ನಟ್ಟನಡುವೆ ಒಂದು ಮುದ್ದೆ ಇರುತ್ತೆ ಅತ್ತೆ. ಅದರಲ್ಲಿ ಎರಡು ಥರದ ಕಾಳು. ಪ್ರೋಟಾನುಗಳು ಒಂದನ್ನೊಂದು ದೂಡ್ತವೆ. ನ್ಯೂಟ್ರಾನುಗಳು ದೂಡೋದಿಲ್ಲ, ಎಲ್ಲರನ್ನೂ ಹಿಡಿದು ಕೂರಿಸ್ತವೆ."

"ನಮ್ಮತ್ತೆ ಮನೆ ಇದ್ದಂಗೆ. ದೂಡೋರು ಜಾಸ್ತಿ ಇದ್ರು, ಹಿಡಿಯೋಳು ನಾನೊಬ್ಬಳೇ."

"ಹಿಡಿಯೋರೂ ಅತಿಯಾಗಬಾರದು. ನಿನ್ನ ಗಂಟಲ ಅಯೋಡಿನ್‌ನಲ್ಲಿ ದೂಡೋರು ಐವತ್ಮೂರು, ಹಿಡಿಯೋರು ಎಪ್ಪತ್ತೆಂಟು. ಆ ಹೊಂದಾಣಿಕೆ ಸರಿಯಿಲ್ಲ. ಅದಕ್ಕೆ ಹಿಡಿಯೋರಲ್ಲಿ ಒಂದು ಕಾಳು ದೂಡೋದಾಗಿ ಬದಲಾಗುತ್ತೆ. ಬದಲಾಗುವಾಗ ಒಂದು ಎಲೆಕ್ಟ್ರಾನನ್ನ ಆಚೆಗೆಸೆಯುತ್ತೆ, ಅದು ಚಿಟುಕು. ಮುದ್ದೆಗೆ ಇನ್ನೂ ಉದ್ವೇಗ ಉಳಿದಿರುತ್ತೆ. ಅದನ್ನ ಬಿಟ್ಟು ಹಗುರಾಗುತ್ತೆ, ಅದೇ ಸಿಳ್ಳೆ. ಅಷ್ಟೇ. ಆಮೇಲೆ ಅದು ಅಯೋಡಿನ್ನೇ ಅಲ್ಲ. ಕ್ಸೆನಾನ್ ಅಂತ ಒಂದು ಗಾಳಿ. ಯಾರ ತಂಟೆಗೂ ಹೋಗಲ್ಲ, ಇನ್ಯಾವತ್ತೂ ಸದ್ದು ಮಾಡಲ್ಲ."

"ಒಂದೇ ಹೆಜ್ಜೆಗೆ ನೆಮ್ಮದಿ!" ಅತ್ತೆ ಗಂಟಲು ಮುಟ್ಟಿಕೊಂಡಳು. "ಮತ್ತೆ ಭಾರಗಲ್ಲು?"

"ಅದರಲ್ಲಿರೋದು ಯುರೇನಿಯಂ, ಅದರದು ದೊಡ್ಡ ಮುದ್ದೆ. ದೂಡೋರು ತೊಂಬತ್ತೆರಡು. ಒಂದೊಂದು ಕಾಳು ಬದಲಾಗಿ ಸಾಲೋದಿಲ್ಲ, ಭಾರವನ್ನೇ ಇಳಿಸಬೇಕು. ಆ ಥರ ಎರಡು, ಈ ಥರ ಎರಡು, ನಾಲ್ಕನ್ನು ಒಟ್ಟಿಗೆ ಉಂಡೆ ಮಾಡಿ ಎಸೆಯುತ್ತೆ. ಅದು ಕುಟ್ಟು. ಎಸೆದ ಮೇಲೆ ಹೊಂದಾಣಿಕೆ ಕೆಡುತ್ತೆ, ಆಗ ಚಿಟುಕು ಹೊಡೆದು ಸರಿಮಾಡಿಕೊಳ್ಳುತ್ತೆ. ಮತ್ತೆ ಭಾರ, ಮತ್ತೆ ಕುಟ್ಟು. ಎಂಟು ಕುಟ್ಟು, ಆರು ಚಿಟುಕು ಆದ ಮೇಲೆ ಸೀಸವಾಗಿ ಕೂರುತ್ತೆ. ಒಂದೊಂದು ಮೆಟ್ಟಿಲಲ್ಲಿ ನಿಲ್ಲೋ ಹೊತ್ತು ಒಂದೊಂದು ಥರ. ಒಂದರಲ್ಲಿ ಕೋಟಿಗಟ್ಟಲೆ ವರ್ಷ, ಇನ್ನೊಂದರಲ್ಲಿ ನಾಲ್ಕೇ ದಿನ. ಒಂದು ಕಡೆಯಂತೂ ಚಿಟುಕು ಹೊಡೆದು ಹೊಸ ರೂಪಕ್ಕೆ ಬಂದದ್ದೇ ತಡ, ಒಂದು ಸೆಕೆಂಡನ್ನ ಆರು ಸಾವಿರ ಹೋಳು ಮಾಡಿದರೆ ಒಂದು ಹೋಳಿನಷ್ಟು ಹೊತ್ತೂ ತಡೆಯೋದು ಕಷ್ಟ, ಕುಟ್ಟಿಬಿಡುತ್ತೆ."

ಅತ್ತೆ ತಲೆಯೆತ್ತಿದಳು. "ಚಿಟುಕಿಗೆ ಕುಟ್ಟು ಅಂಟಿಕೊಂಡಂಗೆ ಬರ್ತದಾ? ಟಕ್‌ಧಬ್ ಅಂತ, ಗಂಟು ಹಾಕಿದಂಗೆ?"

"ನಿನಗೆ ಅದು ಕೇಳುತ್ತಾ?"

"ಹುಡುಗಿಯಾಗಿದ್ದಾಗಿಂದ ಕೇಳ್ತದೆ. ಗಂಟುಕುಟ್ಟು ಅಂತ ನಾನೇ ಹೆಸರಿಟ್ಟುಕೊಂಡಿದ್ದೆ. ನನ್ನ ಕಿವೀದೇ ಏನೋ ಐಬು ಅಂತ ಯಾರಿಗೂ ಹೇಳಿರಲಿಲ್ಲ."

ಐಬು! ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಎರಡು ಯಂತ್ರ ಜೋಡಿಸಿ, ವಾರಗಟ್ಟಲೆ ಕಾದು ಹಿಡಿಯುತ್ತಿದ್ದ ಜೋಡಿ ಅದು. ನಾನು ಎದ್ದು ನಿಂತುಬಿಟ್ಟೆ. "ಅತ್ತೆ, ಅಯೋಡಿನ್‌ಗೆ ಕುಟ್ಟೇ ಇಲ್ಲ. ಬಾಳೆಬೂದಿಗೂ ಇಲ್ಲ. ನಿನ್ನ ಗಂಟಲು ಎಷ್ಟೇ ಬಡಿದುಕೊಳ್ಳಲಿ, ಗಂಟುಕುಟ್ಟು ಹೊಡೆಯೋಕೆ ಅದಕ್ಕೆ ಬರೋದೇ ಇಲ್ಲ. ಯಾವುದರ ಸದ್ದು ದೊಡ್ಡದು ಅಂತ ನೋಡಬೇಡ. ಗಂಟು ಒಂದನ್ನೇ ಹುಡುಕು."

ಅತ್ತೆ ಕುಡಿಕೆಗಳ ಮುಂದೆ ಮತ್ತೆ ಕೂತಳು. ಈ ಸಲ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಂದು ಕುಡಿಕೆಯನ್ನು ಬೆರಳಲ್ಲಿ ನನ್ನತ್ತ ತಳ್ಳಿದಳು. ಸರಿಯಿತ್ತು. ದಿನವೂ ಕೂತೆವು. ಅನ್ನ ಬೇಯುವ ಹೊತ್ತಿನಲ್ಲಿ, ಬಟ್ಟೆ ಒಣಗುವ ಹೊತ್ತಿನಲ್ಲಿ, ನಾನು ಸ್ಕೂಲಿಂದ ಬಂದು ಚಪ್ಪಲಿ ಬಿಡುವ ಮೊದಲೇ. ಎರಡನೇ ವಾರದ ಕೊನೆಗೆ ಅವಳು ತಪ್ಪುವುದು ನಿಂತಿತು. ಆದರೆ ಮನೆಯ ಕುಡಿಕೆಯೇ ಬೇರೆ, ಊರೆದುರಿನ ಮಡಕೆಯೇ ಬೇರೆ. ಇಬ್ಬರಿಗೂ ಅದು ಗೊತ್ತಿತ್ತು.

ಶನಿವಾರ ಕೇಳುಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಒಳಗೆ ಬರುತ್ತಿದ್ದಂತೆ ಗುಜುಗುಜು ಎದ್ದಿತು. ಸಿಳ್ಳೆ ಬಹಳ ಇಳಿದಿದ್ದರೂ ನಿಂತಿರಲಿಲ್ಲ.

"ಪೂರಾ ಹೋಗ್ಬೇಕಿತ್ತಲ್ಲ!" ಎಂದ ಮಲ್ಲೇಶಪ್ಪ. "ಇದು ಹೋಗೋ ಸದ್ದಲ್ಲ ಯಜಮಾನ್ರೇ, ಇರೋಕೆ ಬಂದಿರೋ ಸದ್ದು."

ಗುರುಸಿದ್ದಪ್ಪನವರು ತಲೆ ಓರೆ ಮಾಡಿ ಅತ್ತೆಯ ಕುತ್ತಿಗೆಯನ್ನು ಆಲಿಸಿದರು. "ಬಸ್ಸಿಳಿದ ದಿನಕ್ಕೂ ಇವತ್ತಿಗೂ ಹೋಲಿಸಿದ್ರೆ ಕಾಲು ಭಾಗ ಇರಬಹುದು," ಎಂದರು. "ಕಾಲಿಗೂ ತುಸು ಕಮ್ಮಿಯೇ." ಅಷ್ಟು ಹೇಳಿ ನನ್ನತ್ತ ಒಮ್ಮೆ ನೋಡಿ ಕಣ್ಣು ತೆಗೆದರು. ಆ ತುಸು ಕಡಿಮೆಯಾದದ್ದು ಮೈ ತಾನೇ ಒಂದಿಷ್ಟು ಅಯೋಡಿನ್ ಹೊರಹಾಕಿದ್ದರಿಂದ. ಅಷ್ಟು ಸೂಕ್ಷ್ಮವನ್ನು ಅವರ ಕಿವಿ ಹಿಡಿದಿತ್ತು.

ಅತ್ತೆ ಮೊದಲ ಮಡಕೆಗೆ ಬಗ್ಗಿದಳು. ಎರಡನೆಯದಕ್ಕೆ ಬಗ್ಗಿದಳು. ಎರಡು ಸಲ ಅವಳ ರೆಪ್ಪೆ ಅದುರಿತು. ಮೂರನೆಯದರ ಬಳಿ ಬಂದವಳು ಏಳಲೇ ಇಲ್ಲ. ಮನೆಯಲ್ಲಿ ಎಂದೂ ಅವಳು ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಕೊನೆಗೆ ಮಂಡಿಗೆ ಕೈಯೂರಿ ಎದ್ದಳು.

"ಮೊದಲನೇದು ಬೂದಿ," ಎಂದಳು. "ಎರಡನೇದ್ರಲ್ಲಿ ಭಾರಗಲ್ಲಿನ ಚೂರು. ಮೂರನೇದ್ರಲ್ಲೂ ಭಾರಗಲ್ಲಿದೆ. ಚೂರಾಗಿಲ್ಲ, ಪುಡಿಯಾಗಿ ಬೆರೆತಿದೆ."

ನಗು ಮಂಟಪದ ಚಾವಣಿಗೆ ಬಡಿಯಿತು. ಮಡಕೆ ತುಂಬಿಸಿದವರು ಗುರುಸಿದ್ದಪ್ಪನವರು. ಚೂರು ಒಂದೇ ಇದ್ದದ್ದು.

"ಅಕ್ಕಾ, ಆ ಮರಳು ನಂದು!" ಮಲ್ಲೇಶಪ್ಪ ಮುಂದೆ ಬಂದ. "ಹೊಸ ಕ್ವಾರಿದು, ಮೂರು ಸಲ ಜರಡಿ ಹಿಡಿಸಿ ಯಜಮಾನ್ರಿಗೆ ಕೊಟ್ಟಿದೀನಿ. ನಿನ್ನ ಗಂಟಲ ಸದ್ದೇ ಮಡಕೆಯಲ್ಲಿ ನಿನಗೆ ಕೇಳ್ತಿದೆ."

"ನನ್ನ ಗಂಟಲು ಸಿಳ್ಳೆ ಹೊಡೀತದೆ ಕಣಪ್ಪ, ಕುಟ್ಟಲ್ಲ," ಎಂದಳು ಅತ್ತೆ. "ನನ್ನನ್ನ ನಂಬಬೇಡ. ನಾನಿಲ್ಲಿದ್ರೆ ನಿಮಗೆ ಕೇಳಲ್ಲ, ಹೊರಗೆ ಹೋಗ್ತೀನಿ. ನೀವೇ ಬಗ್ಗಿ ಕೇಳಿ. ಏನು ಕೇಳಬೇಕು ಅಂತ ಮಂಗಳಿ ಹೇಳ್ತಾಳೆ." ಜನರ ನಡುವೆ ದಾರಿ ಮಾಡಿಕೊಂಡು, ಬೆನ್ನು ನೆಟ್ಟಗಿಟ್ಟು, ಅವಳು ಕೆರೆ ಏರಿಯ ಹೊಂಗೆಮರದವರೆಗೂ ನಡೆದುಹೋದಳು. ಅವಳೊಂದಿಗೆ ಸಿಳ್ಳೆಯೂ ಸಣ್ಣಗಾಗುತ್ತಾ ಹೋಗಿ ಕರಗಿತು. ಹದಿನಾರು ದಿನದ ಮೇಲೆ ಮಂಟಪ ಮೊದಲ ಸಲ ತಣ್ಣಗಾಯಿತು.

ನಾನು ಯಜಮಾನರ ಪಕ್ಕ ಕೂತೆ. "ಕುಟ್ಟು ಬಂದಾಗ ಅದರ ಮುಂದೆ ಒಂದು ಚಿಟುಕು ಅಂಟಿಕೊಂಡಿದೆಯಾ ನೋಡಿ. ಎರಡು ಸದ್ದಿನ ಹಾಗಲ್ಲ, ಒಂದು ಸದ್ದಿಗೆ ಮೂಗಿದ್ದ ಹಾಗೆ."

ಅವರು ಎರಡನೇ ಮಡಕೆಗೆ ಬಗ್ಗಿದರು. ತಲೆಯಾಡಿಸಿದರು, ಅದು ಗೊತ್ತಿದ್ದದ್ದೇ. ಮೂರನೆಯದಕ್ಕೆ ಬಗ್ಗಿದರು. ಏನೂ ಇಲ್ಲ. ಮಲ್ಲೇಶಪ್ಪ ಗಂಟಲು ಸರಿಮಾಡಿಕೊಂಡ. ಯಜಮಾನರು ಸುಮ್ಮನಿರು ಎಂದು ಕೈಯೆತ್ತಿದರು. ಆ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ಹೆಬ್ಬೆರಳು ಕಿರುಬೆರಳಿನ ಗೆಣ್ಣು ಮುಟ್ಟಿತು. ಸ್ವಲ್ಪ ತಡೆದು ಎರಡನೇ ಗೆಣ್ಣು. ಮೂರು. ನಾಲ್ಕು.

"ಅಯ್ಯೋ ಶಿವನೇ," ಎಂದರು. "ಇದನ್ನ ನಾನು ಹುಟ್ಟಿದಾಗಿಂದ ಕೇಳಿದೀನಿ. ಬರೀ ದಪ್ಪ ಕುಟ್ಟು ಅಂದ್ಕೊಂಡಿದ್ದೆ. ಮೂಗಿದೆ! ಮೂರನೇದ್ರಲ್ಲೂ ಇದೆ!"

ಮಲ್ಲೇಶಪ್ಪ ಅವರನ್ನು ಹೆಚ್ಚುಕಡಿಮೆ ಎತ್ತಿಯೇ ಪಕ್ಕಕ್ಕೆ ಕೂರಿಸಿ ತಾನು ಬಗ್ಗಿದ. ಅವನ ಮೈಯ ಚಿಟಿಚಿಟಿಯ ನಡುವೆ ಅವನಿಗೇನು ಕೇಳೀತು ಎಂದುಕೊಂಡೆ. ಆದರೆ ಗಂಟು ಗಂಟೇ. ಅವನ ಮುಖದ ನಗು ಒಂದು ಕಡೆಯಿಂದ ಇಳಿಯುತ್ತಾ ಬಂತು. ಬಹಳ ಹೊತ್ತಿನ ಮೇಲೆ ಎದ್ದು, ಯಾರನ್ನೂ ನೋಡದೆ ಹೇಳಿದ: "ಸ್ಕೂಲಿನ ಹೊಸ ಕೋಣೆಗಳ ನೆಲಕ್ಕೆ ಸೋಮವಾರ ಇದೇ ಮರಳು ಹೋಗಬೇಕಿತ್ತು. ಮಕ್ಕಳು ನೆಲದ ಮೇಲೇ ತಾನೇ ಕೂರೋದು." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಅಕ್ಕ ಆಸ್ಪತ್ರೇಲಿದ್ದಾಗ ನಮ್ಮ ಮನೆ ಅಂಗಳಕ್ಕೂ ಹಾಕ್ಸಿದೀನಿ ಯಜಮಾನ್ರೇ," ಎಂದ.

"ಹಂಗಾದ್ರೆ ಮೊದಲು ನಿನ್ನ ಅಂಗಳ ಅಗಿ," ಎಂದರು ಗುರುಸಿದ್ದಪ್ಪನವರು. "ಚೆನ್ನಾಜಮ್ಮ ಬಂದು ಕೇಳಿ ಆಗಬಹುದು ಅಂದ ಮೇಲೆ ಬೇರೆ ಮರಳು ಹಾಕು. ಬೇರೆ ಯಾರ ಕಿವಿಯೂ ಬೇಡ. ಕೇಳಿಸ್ತಾ ಊರಿಗೆ?"

ಊರಿಗೆ ಕೇಳಿಸಿತು. ಹಿಂದೆ ನಿಂತಿದ್ದವರು ಮುಂದಕ್ಕೆ ನುಗ್ಗಿದರು. ಸಾಲು ಮಾಡಿಸುವಷ್ಟರಲ್ಲಿ ನನ್ನ ದನಿ ಬಿದ್ದುಹೋಯಿತು. ಕಂಬಾರರು ಕೇಳಿದರು, ಬಾಣಂತಿಯೊಬ್ಬಳು ಮಗುವನ್ನು ತಾಯಿಯ ಕೈಗೆ ಕೊಟ್ಟು ಬಂದು ಕೇಳಿದಳು, ಮಲ್ಲೇಶಪ್ಪನ ಭಾಮೈದನೂ ಕೇಳಿದ. ಕೇಳಿದವರೆಲ್ಲ ಕೂಗಿಕೊಂಡು ಎದ್ದರು. ಹುಟ್ಟಿದಂದಿನಿಂದ ಕಿವಿಗೆ ಬೀಳುತ್ತಿದ್ದ ಸದ್ದಿಗೆ ಇವತ್ತು ಮೊದಲ ಸಲ ಒಳಗು ಕಾಣಿಸಿದಂತೆ. ಭಾಮೈದ ಹೊಂಗೆಮರದತ್ತ ಓಡಿದ. ಅವನ ಹಿಂದೆ ಇಪ್ಪತ್ತು ಜನ ಓಡಿದರು. ಅವರೆಲ್ಲ ಅತ್ತೆಯನ್ನು ನಡುವೆ ಹಾಕಿಕೊಂಡು, ಮಾತಿನ ಮೇಲೆ ಮಾತು ಬೀಳಿಸುತ್ತಾ ಕೆರೆ ಏರಿಯಿಂದ ಇಳಿದು ಬಂದರು. ಸಿಳ್ಳೆ ಮತ್ತೆ ಮಂಟಪ ತುಂಬಿತು. ಈ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಗುರುಸಿದ್ದಪ್ಪನವರು ಎದ್ದು ನಿಂತು ಅವಳ ಪೀಠದ ಮೇಲಿನ ಧೂಳನ್ನು ತಮ್ಮ ಹೆಗಲ ವಲ್ಲಿಯಿಂದ ಒರೆಸಿದರು. ಅತ್ತೆ ಕೂತಳು. ಕೂತವಳು ನನ್ನ ಕಡೆ ಬೆರಳು ಮಾಡಿದಳು. "ಬರೀ ಇದೆ ಇದೆ ಅಂತ ಕೂಗಿದ್ರೆ ಆಯ್ತೇನೇ? ಎಷ್ಟಿದೆ?"

ಕೇಳಿದವರು ಒಬ್ಬೊಬ್ಬರೂ ಒಂದೊಂದು ನಿಮಿಷ ಗೆಣ್ಣು ಎಣಿಸಿದ್ದರು. ಒಬ್ಬರಿಗೆ ಎಂಟು, ಒಬ್ಬರಿಗೆ ಹದಿನೈದು, ಬಾಣಂತಿಗೆ ಹನ್ನೆರಡು. ಪರಮಾಣುಗಳು ಯಾರ ನಿಮಿಷಕ್ಕೂ ಹೊಂದಿಕೊಂಡು ಒಡೆಯುವುದಿಲ್ಲವಾದ್ದರಿಂದ ಅದು ಹಾಗೆಯೇ ಇರಬೇಕು. ನಾನು ಎಲ್ಲರದನ್ನೂ ಕೂಡಿ, ಕೇಳಿದವರ ಸಂಖ್ಯೆಯಿಂದ ಭಾಗಿಸಿ, ಸೀಮೆಸುಣ್ಣದಲ್ಲಿ ಮಂಟಪದ ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಬರೆದೆ: ಮೂರನೇ ಮಡಕೆ, ಗಂಟುಕುಟ್ಟು, ನಿಮಿಷಕ್ಕೆ ಹನ್ನೊಂದು ಪಾಯಿಂಟ್ ನಾಲ್ಕು.